ಬರಿದಾದ ಬಲೆಯನ್ನು ತೊಳೆಯುವವರು

"ಫಾದರ್, ನಮ್ಮ ಪಿಸ್ಟನ್ಸ್ ತಂಡದ ತರಬೇತುದಾರರು ದೇವಭಕ್ತರಂತೆ. ತುಂಬ ಪ್ರಾರ್ಥಿಸುತ್ತಾರಂತೆ. ಹಾಗಿದ್ದೂ ತಂಡ ಏಕೆ ಸೋಲುತ್ತಲೇ ಇದೆ?"

2023ರ ಆಗಮನಕಾಲದ ಎರಡನೆಯ ಭಾನುವಾರ. ಬಲಿಪೂಜೆ ಮುಗಿಸಿ ಪೂಜಾವಸ್ತ್ರಗಳನ್ನು ಕಳಚಿಡುತ್ತಿದ್ದ ನನ್ನನ್ನು ಹನ್ನೊಂದು ವರ್ಷದ ಪೀಠಸೇವಕನೊಬ್ಬ ಹೀಗೆ ಕೇಳಿದ. ಅಮೆರಿಕದ ಡೆಟ್ರಾಯಿಟ್ ನಗರದ ಹೊರವಲಯದ ಒಂದು ಧರ್ಮಕೇಂದ್ರದಲ್ಲಿ, ಅಲ್ಲಿಯ ವಿಚಾರಣಾ ಗುರುಗಳು ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಕಾರಣ, ಮೂರು ತಿಂಗಳ ಮಟ್ಟಿಗೆ ಸೇವೆ ಸಲ್ಲಿಸಲು ನಾನು ಹೋಗಿದ್ದೆ. ನಾಲ್ಕು ವರ್ಷ ದೈವಶಾಸ್ತ್ರ ಓದಿದವನು ನಾನು. ನೀತಿವಂತರ ಸಂಕಟವನ್ನು ಕುರಿತು ಯೋಬನ ಗ್ರಂಥವನ್ನು ಆಧರಿಸಿ ಗುರುಮಠದಲ್ಲಿ ಇಪ್ಪತ್ತು ಪುಟಗಳ ಪ್ರಬಂಧವನ್ನೂ ಬರೆದಿದ್ದೆ. ಆದರೆ ಆ ಬಾಲಕನಿಗೆ ಕೊಟ್ಟ ಉತ್ತರ ಇಷ್ಟೇ: "ಎದುರಾಳಿ ತಂಡದವರೂ ಪ್ರಾರ್ಥಿಸಿರಬಹುದು, ಮಗು." ಅವನು ನಗಲಿಲ್ಲ. ಮೇಣದಬತ್ತಿಗಳನ್ನು ಆರಿಸಲು ಹೊರಟುಹೋದ. ಪ್ರಶ್ನೆ ಮಾತ್ರ ನನ್ನೊಡನೆ ಉಳಿಯಿತು.

ಬ್ಯಾಸ್ಕೆಟ್‌ಬಾಲ್ ಆಟ ನನಗೆ ಅಪರಿಚಿತವೇನಲ್ಲ. ಗುರುಮಠದಲ್ಲಿ ಸಂಜೆಯ ಹೊತ್ತು ನಾವೆಲ್ಲ ಆಡುತ್ತಿದ್ದೆವು. ನಾನು ಗಿಡ್ಡನಾದ್ದರಿಂದ ಎರಡೂ ತಂಡಗಳ ನಾಯಕರು ನನ್ನನ್ನು ಕೊನೆಯಲ್ಲಿ, ಇನ್ನಾರೂ ಉಳಿದಿಲ್ಲವೆಂಬ ಕಾರಣಕ್ಕೆ ಆರಿಸಿಕೊಳ್ಳುತ್ತಿದ್ದರು. ಆದರೆ ಅಮೆರಿಕದ ವೃತ್ತಿಪರ ಆಟವೆಂಬುದು ಬೇರೆಯೇ ಒಂದು ಲೋಕ. ಅಲ್ಲಿ 30 ತಂಡಗಳಿವೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಒಂದು ಋತುವಿನಲ್ಲಿ ಪ್ರತಿ ತಂಡವೂ 82 ಪಂದ್ಯಗಳನ್ನು ಆಡಬೇಕು. ಒಂದು ರಾತ್ರಿ ಸೋತವರು ಮರುರಾತ್ರಿಯೋ ಅದರ ಮರುರಾತ್ರಿಯೋ ಮತ್ತೊಂದು ಊರಿನಲ್ಲಿ ಮತ್ತೆ ಅಂಗಳಕ್ಕೆ ಇಳಿಯಲೇಬೇಕು. ಸೋಲನ್ನು ಕುರಿತು ಅಳುವುದಕ್ಕೂ ಅಲ್ಲಿ ಪುರುಸೊತ್ತಿಲ್ಲ.

ಪಿಸ್ಟನ್ಸ್ ಎಂಬ ಹೆಸರೇ ವಿಚಿತ್ರವೆನಿಸಬಹುದು. ಈ ತಂಡ ಹುಟ್ಟಿದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಎಂಬ ಊರಿನಲ್ಲಿ. ಅದರ ಒಡೆಯರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಎಂಜಿನ್‌ಗಳ ಪಿಸ್ಟನ್. 1957ರಲ್ಲಿ ತಂಡ ಡೆಟ್ರಾಯಿಟ್‌ಗೆ ಬಂದಾಗ, ಮೋಟಾರು ವಾಹನಗಳ ಆ ರಾಜಧಾನಿಗೆ ಹೆಸರು ಹೇಳಿ ಮಾಡಿಸಿದಂತೆ ಒಪ್ಪಿತು. 1989, 1990 ಮತ್ತು 2004ರಲ್ಲಿ ಅದು ಇಡೀ ದೇಶದ ಚಾಂಪಿಯನ್ ಆಯಿತು. ಅನಂತರದ ಕಥೆ ಇಳಿಜಾರಿನದು. ನಗರದ ಕಥೆಯೂ ಅದೇ. 1950ರಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನರಿದ್ದ ಡೆಟ್ರಾಯಿಟ್‌ನಲ್ಲಿ 2020ರ ಜನಗಣತಿಯ ವೇಳೆಗೆ ಉಳಿದವರು ಆರೂವರೆ ಲಕ್ಷಕ್ಕೂ ಕಡಿಮೆ. ಕಾರ್ಖಾನೆಗಳು ಮುಚ್ಚಿದವು. 2013ರಲ್ಲಿ ನಗರಾಡಳಿತವೇ ದಿವಾಳಿಯೆಂದು ನ್ಯಾಯಾಲಯಕ್ಕೆ ಹೋಯಿತು. ನಮ್ಮ ಧರ್ಮಸಭೆಯೂ ಇದರಿಂದ ಪಾರಾಗಲಿಲ್ಲ: 1989ರಲ್ಲಿ ಆಗಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಸೋಕಾರವರು ನಗರದ ಸುಮಾರು ಮೂವತ್ತು ದೇವಾಲಯಗಳನ್ನು ಮುಚ್ಚಬೇಕಾಯಿತು. ತಮ್ಮ ಸ್ನಾನದೀಕ್ಷೆ, ವಿವಾಹಗಳು ನಡೆದ ದೇವಾಲಯಕ್ಕೆ ಬೀಗ ಬಿದ್ದುದನ್ನು ಕಂಡ ಹಿರಿಯರು ನನ್ನ ಬಲಿಪೂಜೆಗೂ ಬರುತ್ತಿದ್ದರು.

ಅಂಥವರಲ್ಲಿ ಒಬ್ಬರು ಆ ಬಾಲಕನ ತಾತ. ಮೂವತ್ತು ವರ್ಷ ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಭಾನುವಾರಗಳಂದು ಕಾಣಿಕೆ ಸಂಗ್ರಹಿಸುವ ಕೆಲಸ ಅವರದು. ಮಾತು ಕಡಿಮೆ. ಪಿಸ್ಟನ್ಸ್ ವಿಷಯ ಬಂದರೆ ಮಾತ್ರ ಬಾಯಿ ಬಿಡುತ್ತಿದ್ದರು.

ಆ ಋತು ಆರಂಭವಾದುದೇನೋ ಶುಭವಾಗಿಯೇ. ಮೊದಲ ಮೂರು ಪಂದ್ಯಗಳಲ್ಲಿ ಎರಡನ್ನು ತಂಡ ಗೆದ್ದಿತು. ಅಕ್ಟೋಬರ್ 30ರಂದು ಸೋಲು ಪ್ರಾರಂಭವಾಯಿತು. ನವೆಂಬರ್ ತಿಂಗಳಿಡೀ ಒಂದು ಗೆಲುವೂ ಇಲ್ಲ. ಬಾಲಕ ನನ್ನನ್ನು ಪ್ರಶ್ನೆ ಕೇಳಿದ ದಿನ ಸತತ ಹತ್ತೊಂಬತ್ತು ಸೋಲುಗಳಾಗಿದ್ದವು. ಡಿಸೆಂಬರ್ 23ರಂದು ಇಪ್ಪತ್ತಾರು. ಒಂದೇ ಋತುವಿನಲ್ಲಿ ಅದಕ್ಕಿಂತ ಹೆಚ್ಚು ಪಂದ್ಯಗಳನ್ನು ಸತತವಾಗಿ ಸೋತ ತಂಡ ಆ ಕ್ರೀಡಾಸಂಸ್ಥೆಯ ಚರಿತ್ರೆಯಲ್ಲಿ ಬೇರೊಂದಿರಲಿಲ್ಲ. ತಂಡವನ್ನು ಮಾರಿಬಿಡಿ ಎಂದು ಪ್ರೇಕ್ಷಕರು ಒಡೆಯರನ್ನು ಉದ್ದೇಶಿಸಿ ಕೂಗುತ್ತಿದ್ದರು. ಗೆದ್ದೆತ್ತಿನ ಬಾಲ ಹಿಡಿಯುವ ಜನ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಸೋತ ಎತ್ತಿನ ಬಳಿ ನಿಲ್ಲುವವರೇ ವಿರಳ.

ಇಲ್ಲಿ ಒಂದು ಮಾತು. ಈ ಆಟದ ನಿಯಮಾವಳಿಯಲ್ಲಿ ಶುಭಸಂದೇಶವನ್ನು ನೆನಪಿಸುವ ಸಂಗತಿಯೊಂದಿದೆ. ಋತುವಿನಲ್ಲಿ ಹಿಂದುಳಿದ ತಂಡಗಳಿಗೆ ಮುಂದಿನ ವರ್ಷದ ಹೊಸ ಪ್ರತಿಭಾವಂತ ಆಟಗಾರರನ್ನು ಮೊದಲು ಆಯ್ದುಕೊಳ್ಳುವ ಅವಕಾಶ. ಕಡೆಯವರಿಗೆ ಮೊದಲ ಸಾಲು! ಆದರೆ ಮನುಷ್ಯಬುದ್ಧಿ ಇದನ್ನೂ ಕೆಡಿಸದೆ ಬಿಡಲಿಲ್ಲ. ಉತ್ತಮ ಆಟಗಾರ ಸಿಗಲೆಂದು ಬೇಕೆಂದೇ ಸೋಲುವ ತಂಡಗಳು ಹುಟ್ಟಿಕೊಂಡವು. ಅದನ್ನು ತಡೆಯಲು ಚೀಟಿ ಎತ್ತುವ ಪದ್ಧತಿ ಬಂದಿತು. 2019ರಿಂದ, ಅತ್ಯಂತ ಕೆಳಗಿನ ಮೂರು ತಂಡಗಳಿಗೂ ಮೊದಲ ಆಯ್ಕೆಯ ಸಾಧ್ಯತೆ ಶೇಕಡ 14 ಮಾತ್ರ. ಪಿಸ್ಟನ್ಸ್ ತಂಡ 2023ರಲ್ಲಿ ಎಲ್ಲರಿಗಿಂತ ಕೆಳಗಿತ್ತು. ಚೀಟಿಯಲ್ಲಿ ಬಂದದ್ದು ಐದನೆಯ ಸ್ಥಾನ. 2024ರಲ್ಲಿಯೂ ಎಲ್ಲರಿಗಿಂತ ಕೆಳಗೆ. ಮತ್ತೆ ಐದನೆಯ ಸ್ಥಾನ. ನಿಯಮದ ಪ್ರಕಾರ ಅದಕ್ಕಿಂತ ಕೆಳಗೆ ಹೋಗುವಂತೆಯೇ ಇರಲಿಲ್ಲ. ಸೋಲಿನಲ್ಲಿಯೂ ಅದೃಷ್ಟವಿರಬೇಕು ಎಂದು ತಾತ ನಿಟ್ಟುಸಿರುಬಿಟ್ಟಿದ್ದರು.

ಕ್ರಿಸ್ತ ಜಯಂತಿಯ ಮರುದಿನ, ಸಂತ ಸ್ತೆಫಾನರ ಹಬ್ಬದ ಸಂಜೆ, ಅವರು ನನ್ನನ್ನು ಕ್ರೀಡಾಂಗಣಕ್ಕೆ ಕರೆದೊಯ್ದರು. ಮೊಮ್ಮಗನೂ ಜೊತೆಗಿದ್ದ. ಎದುರಾಳಿ ಬ್ರೂಕ್ಲಿನ್ ನೆಟ್ಸ್ ತಂಡ. ಸೋತರೆ ಇಪ್ಪತ್ತೇಳನೆಯದು, ಚರಿತ್ರೆಯ ದಾಖಲೆ. ಟಿಕೆಟಿಗೆ ಹಣ ಕೊಟ್ಟು ಸೋಲನ್ನು ನೋಡಲು ಏಕೆ ಬರುತ್ತೀರೆಂದು ನಾನು ಸಲುಗೆಯಿಂದ ಕೇಳಿದೆ.

"ಫಾದರ್, ಖಾಲಿ ಬೆಂಚುಗಳಿದ್ದರೂ ನೀವು ಪೂಜೆ ಅರ್ಪಿಸುವುದಿಲ್ಲವೇ?" ಎಂದರು ಅವರು. ಹೋಲಿಕೆ ಅಷ್ಟು ಸರಿಯಿಲ್ಲವೆಂದು ನನ್ನ ದೈವಶಾಸ್ತ್ರ ಹೇಳಿತು. ಬಾಯಿ ಮಾತ್ರ ಸುಮ್ಮನಿತ್ತು.

ಆ ರಾತ್ರಿ ಇಪ್ಪತ್ತೆರಡು ವರ್ಷದ ಕೇಡ್ ಕನಿಂಗ್‌ಹ್ಯಾಮ್ ಎಂಬ ಯುವಕ ಒಬ್ಬನೇ 41 ಅಂಕಗಳನ್ನು ಗಳಿಸಿದ. ಆದರೂ ತಂಡ 112–118ರಿಂದ ಸೋತಿತು. ಆಟದ ಕೊನೆಯ ಭಾಗದಲ್ಲಿ ತಾತ ನನ್ನ ಮೊಣಕೈ ಮುಟ್ಟಿ, "ಅಂಕಗಳ ಫಲಕ ನೋಡಬೇಡಿ, ಫಾದರ್. ಚೆಂಡು ಕೈತಪ್ಪಿದಾಗ ಯಾರು ಹಿಂದಕ್ಕೆ ಓಡುತ್ತಾರೆ ನೋಡಿ," ಎಂದರು. ಈ ಆಟದಲ್ಲಿ ಚೆಂಡನ್ನು ಬುಟ್ಟಿಗೆ ಹಾಕಲು ಎಲ್ಲರೂ ಮುಂದಕ್ಕೆ ಓಡುತ್ತಾರೆ. ಅದು ತಪ್ಪಿ ಎದುರಾಳಿಯ ಪಾಲಾದೊಡನೆ ತಮ್ಮ ಬುಟ್ಟಿಯನ್ನು ಕಾಯಲು ಅಷ್ಟೇ ವೇಗದಿಂದ ಹಿಂದಕ್ಕೆ ಓಡಬೇಕು. ಈ ಓಟಕ್ಕೆ ಚಪ್ಪಾಳೆಯಿಲ್ಲ. ಮರುದಿನದ ಪತ್ರಿಕೆಯಲ್ಲಿ ಇದರ ಲೆಕ್ಕವೂ ಬರುವುದಿಲ್ಲ. ಮನಸ್ಸಿನೊಳಗೆ ಸೋತ ತಂಡ ಮೊದಲು ಕೈಬಿಡುವುದು ಇದನ್ನೇ. "ನಾನು ಗೆಲುವನ್ನು ಬೇಡುವುದಿಲ್ಲ. ಈ ಹುಡುಗರು ಹಿಂದಕ್ಕೆ ಓಡುವುದನ್ನು ನಿಲ್ಲಿಸದಿರಲಿ ಎಂದಷ್ಟೇ ಬೇಡುತ್ತೇನೆ," ಎಂದರು ಅವರು. ಆ ಹುಡುಗರು ಓಡಿದರು. ಎಲ್ಲರೂ ಅಲ್ಲ, ಪ್ರತಿ ಸಲವೂ ಅಲ್ಲ, ಆದರೆ ಓಡಿದರು.

ಮರಳುವಾಗ, ಹೆಪ್ಪುಗಟ್ಟಿದ ರಸ್ತೆಯ ಮೇಲೆ ಕಾರು ಮೆಲ್ಲನೆ ಸಾಗುತ್ತಿದ್ದಾಗ, ಸಂತ ಲೂಕರ ಶುಭಸಂದೇಶದ ಒಂದು ಸಣ್ಣ ವಿವರ ನನಗೆ ಹೊಳೆಯಿತು. ಅಷ್ಟು ವರ್ಷ ಅದನ್ನು ಓದಿದ್ದರೂ ಗಮನಿಸಿರಲಿಲ್ಲ. ಪೇತ್ರ ಮತ್ತು ಸಂಗಡಿಗರು ರಾತ್ರಿಯೆಲ್ಲ ದುಡಿದು ಒಂದು ಮೀನೂ ಸಿಗದೆ ದಡಕ್ಕೆ ಬಂದಿದ್ದ ಆ ಮುಂಜಾನೆ, ಪ್ರಭು ಅವರ ಬಳಿ ಬಂದಾಗ ಅವರು ಮಾಡುತ್ತಿದ್ದುದೇನು? ಬಲೆಗಳನ್ನು ತೊಳೆಯುತ್ತಿದ್ದರು. ಮೀನಿಲ್ಲದ ಬಲೆಗೂ ಕೆಸರು, ಕಳೆ ಸಿಕ್ಕಿಕೊಂಡಿರುತ್ತದೆ. ಅದನ್ನು ತೊಳೆದು ಒಣಗಿಸದಿದ್ದರೆ ಮರುದಿನ ಬಲೆ ಬೀಸಲಾಗದು. ನಮ್ಮ ಪ್ರಬೋಧನೆಗಳಲ್ಲಿ ನಾವು ಗುರುಗಳು ನೇರವಾಗಿ ಬಲೆ ಹರಿಯುವಷ್ಟು ಮೀನು ಸಿಕ್ಕ ಭಾಗಕ್ಕೆ ಓಡುತ್ತೇವೆ. ತೊಳೆಯುವ ಹೊತ್ತಿನ ಬಗ್ಗೆ ನಾನಂತೂ ಒಮ್ಮೆಯೂ ಬೋಧಿಸಿರಲಿಲ್ಲ.

ಡಿಸೆಂಬರ್ 28ರಂದು ಬಾಸ್ಟನ್‌ನಲ್ಲಿ, ಅರ್ಧ ಆಟದ ವೇಳೆಗೆ 19 ಅಂಕಗಳಿಂದ ಮುಂದಿದ್ದೂ ಹೆಚ್ಚುವರಿ ಅವಧಿಯಲ್ಲಿ ಇಪ್ಪತ್ತೆಂಟನೆಯ ಸೋಲು. 30ರ ಶನಿವಾರ ಟೊರಾಂಟೊ ತಂಡದ ವಿರುದ್ಧ 129–127ರ ಗೆಲುವು. ನಿಜ ಹೇಳಬೇಕೆಂದರೆ ಅದೇ ದಿನ ಟೊರಾಂಟೊದವರು ಆಟಗಾರರ ವಿನಿಮಯ ಮಾಡಿಕೊಂಡು ಬಲ ಕುಗ್ಗಿದ್ದರು. ಮರುದಿನ ಪವಿತ್ರ ಕುಟುಂಬದ ಹಬ್ಬ. ಕಾಣಿಕೆಯ ಬುಟ್ಟಿ ಹಿಡಿದು ಬಂದ ತಾತನ ಮುಖದಲ್ಲಿ ವಿಶೇಷ ಸಂಭ್ರಮವೇನೂ ಕಾಣಲಿಲ್ಲ. ಹುಬ್ಬನ್ನು ಮಾತ್ರ ಒಮ್ಮೆ ಮೇಲೇರಿಸಿದರು. ಋತು ಮುಗಿದಾಗ ತಂಡದ ಲೆಕ್ಕ: 14 ಗೆಲುವು, 68 ಸೋಲು.

ಇನ್ನು ಬಾಲಕ ಕೇಳಿದ ತರಬೇತುದಾರರ ವಿಷಯ. ಅವರ ಹೆಸರು ಮಾಂಟಿ ವಿಲಿಯಮ್ಸ್. ಕಥೋಲಿಕ ವಿಶ್ವವಿದ್ಯಾಲಯವಾದ ನೋತ್ರ್ ದಾಮ್‌ನಲ್ಲಿ ಓದಿ ಆಡಿದವರು. ಅಲ್ಲಿ ವಿದ್ಯಾರ್ಥಿಯಾಗಿದ್ದಾಗ ಹೃದಯದ ಕಾಯಿಲೆ ಪತ್ತೆಯಾಗಿ ಎರಡು ಋತುಗಳು ಆಟದಿಂದ ದೂರ ಉಳಿದರು. ಮುಂದೆ ವೃತ್ತಿಪರ ಆಟಗಾರರಾದರು, ತರಬೇತುದಾರರೂ ಆದರು. 2016ರ ಫೆಬ್ರವರಿಯಲ್ಲಿ ಒಕ್ಲಹೋಮಾ ನಗರದಲ್ಲಿ ಎದುರಿನಿಂದ ಬಂದ ಕಾರೊಂದು ದಾರಿತಪ್ಪಿ ಅವರ ಪತ್ನಿಯ ವಾಹನಕ್ಕೆ ಅಪ್ಪಳಿಸಿತು. ಪತ್ನಿ ತೀರಿಕೊಂಡರು. ಐವರು ಮಕ್ಕಳು ತಾಯಿಯಿಲ್ಲದವರಾದರು. ಆ ಕಾರನ್ನು ಓಡಿಸುತ್ತಿದ್ದ ಮಹಿಳೆಯೂ ಸತ್ತಿದ್ದಳು. ಅಂತ್ಯಸಂಸ್ಕಾರದ ದಿನ ವಿಲಿಯಮ್ಸ್ ವೇದಿಕೆಯ ಮೇಲೆ ನಿಂತು, ಆ ಮಹಿಳೆಯ ಕುಟುಂಬಕ್ಕೂ ಪ್ರಾರ್ಥನೆ ಬೇಕಾಗಿದೆ, ಕ್ಷಮಿಸುವ ಹೃದಯವಿಲ್ಲದೆ ಪ್ರಭುವಿನ ಸೇವೆ ಸಾಧ್ಯವಿಲ್ಲ ಎಂಬ ಅರ್ಥದಲ್ಲಿ ಮಾತನಾಡಿದರು. ಅದರ ದೃಶ್ಯಮುದ್ರಿಕೆಯನ್ನು ನಾನು ನೋಡಿದ್ದೇನೆ. ಗುರುವಾಗಿ ನೂರಾರು ಅಂತ್ಯಸಂಸ್ಕಾರಗಳನ್ನು ನಡೆಸಿದ್ದೇನೆ. ಅಂಥ ಪ್ರಬೋಧನೆಯನ್ನು ನಾನು ನೀಡಿಲ್ಲ.

ಇದೇ ವ್ಯಕ್ತಿ ಫೀನಿಕ್ಸ್ ನಗರದ ದುರ್ಬಲ ತಂಡವೊಂದನ್ನು 2021ರಲ್ಲಿ ಅಂತಿಮ ಸುತ್ತಿಗೆ ಒಯ್ದರು. 2022ರಲ್ಲಿ ಆ ತಂಡ 64 ಪಂದ್ಯಗಳನ್ನು ಗೆದ್ದಿತು. ಅವರು ವರ್ಷದ ಶ್ರೇಷ್ಠ ತರಬೇತುದಾರರೆನಿಸಿದರು. ಎರಡು ವರ್ಷಗಳ ಬಳಿಕ ಅದೇ ಪ್ರಾರ್ಥನೆಯ ಮನುಷ್ಯನ ಹೆಸರಿನಲ್ಲಿ 68 ಸೋಲುಗಳು. ದೇವರು ಈ ನಡುವೆ ಅವರನ್ನು ಕೈಬಿಟ್ಟರೇ? ಹಾಗೆ ಹೇಳುವವನು 64 ಗೆಲುವುಗಳನ್ನೂ ಅವರ ಭಕ್ತಿಯ ಕೂಲಿಯೆಂದು ಹೇಳಬೇಕಾಗುತ್ತದೆ. ನಮ್ಮ ಊರುಗಳಲ್ಲಿಯೂ ಈ ಲೆಕ್ಕಾಚಾರ ಇದೆ: ಮಗ ಪರೀಕ್ಷೆಯಲ್ಲಿ ಪಾಸಾದರೆ ನೊವೆನಾ ಫಲಿಸಿತು, ಫೇಲಾದರೆ ಎಲ್ಲಿಯೋ ವಿಶ್ವಾಸ ಕಡಿಮೆಯಾಯಿತು. ಆ ಪೀಠಬಾಲಕ ಕೇಳಿದ್ದು ಇದನ್ನೇ. ನಗೆಮಾತಿನಿಂದ ತಪ್ಪಿಸಿಕೊಂಡವನು ನಾನು.

ವಿಲಿಯಮ್ಸರನ್ನು ಸಂತರ ಸಾಲಿಗೆ ಸೇರಿಸಲು ನಾನು ಹೊರಟಿಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂಬುದರಲ್ಲಿ ಅವರು ಎಡವಿದರೆಂದು ಆಟ ಬಲ್ಲವರು ಹೇಳುತ್ತಾರೆ. ತಾತನಿಗೂ ಅವರ ಮೇಲೆ ಸಿಟ್ಟಿತ್ತು. ಅನುಕಂಪ ತೋರಲು ಅವರು ಬಡವರೂ ಅಲ್ಲ: ಪತ್ರಿಕಾ ವರದಿಗಳ ಪ್ರಕಾರ ಅವರ ಒಪ್ಪಂದ ಆರು ವರ್ಷಗಳಿಗೆ 7 ಕೋಟಿ 85 ಲಕ್ಷ ಡಾಲರ್‌ಗಳದು. 2024ರ ಜೂನ್‌ನಲ್ಲಿ, ಒಂದೇ ಋತುವಿನ ಬಳಿಕ, ಅವರನ್ನು ತೆಗೆದುಹಾಕಲಾಯಿತು.

ಅವರ ಸ್ಥಾನಕ್ಕೆ ಬಂದ ಜೆ. ಬಿ. ಬಿಕರ್‌ಸ್ಟಾಫ್ ಕೂಡ ಕ್ಲೀವ್‌ಲ್ಯಾಂಡ್ ತಂಡದಿಂದ ಆಗತಾನೇ ಹೊರಹಾಕಲ್ಪಟ್ಟವರು. ಅನುಭವಿಗಳು ಕೆಲವರು ಹೊಸದಾಗಿ ಸೇರಿದರು. ಆದರೆ ತಂಡದ ತಿರುಳು ಅದೇ ಸೋತ ಹುಡುಗರು, ಅದೇ ಕನಿಂಗ್‌ಹ್ಯಾಮ್. 2024–25ರಲ್ಲಿ ಆ ತಂಡ 44 ಪಂದ್ಯಗಳನ್ನು ಗೆದ್ದಿತು. ಹಿಂದಿನ ಋತುವಿನ ಗೆಲುವಿನ ಸಂಖ್ಯೆಯನ್ನು ಮೂರು ಪಟ್ಟಿಗೂ ಹೆಚ್ಚಿಸಿಕೊಂಡ ತಂಡ ಅಲ್ಲಿಯವರೆಗೆ ಇನ್ನೊಂದಿರಲಿಲ್ಲ. ಈ ಸುದ್ದಿಯನ್ನು ಊರಿನಲ್ಲಿ ಕುಳಿತು ಓದಿದಾಗ ನನ್ನ ಮನಸ್ಸು ಸಂತೋಷಕ್ಕಿಂತ ಮೊದಲು ತೆಗೆದುಹಾಕಲ್ಪಟ್ಟವರ ಕಡೆಗೆ ಹೋಯಿತು. ಹೊಸಬರ ಗೆಲುವಿನ ಲೆಕ್ಕವನ್ನು ಅವರು ಹೇಗೆ ಓದಿರಬಹುದು? ಹೀಗೆ ಯೋಚಿಸಿದ್ದಕ್ಕೆ ನನ್ನದೇ ಕಾರಣವಿದೆ. ಅದನ್ನು ಮುಚ್ಚಿಟ್ಟು ಈ ಲೇಖನ ಮುಗಿಸಿದರೆ ಅಪ್ರಾಮಾಣಿಕನಾಗುತ್ತೇನೆ.

ನನ್ನ ಗುರುಜೀವನದ ಆರಂಭದಲ್ಲಿ ಐದು ವರ್ಷ ನಾನು ಒಂದು ಸಣ್ಣ ಧರ್ಮಕೇಂದ್ರದ ಹೊಣೆ ಹೊತ್ತಿದ್ದೆ. ಹೋದಾಗ ಮೂವತ್ತೆಂಟು ಕುಟುಂಬಗಳಿದ್ದವು, ಬಿಡುವಾಗ ಇಪ್ಪತ್ತಾರು. ನಾನು ತೆರೆದ ಕಿರಿಯ ಪ್ರಾಥಮಿಕ ಶಾಲೆ ಮೂರನೆಯ ವರ್ಷ ಮಕ್ಕಳಿಲ್ಲದೆ ಮುಚ್ಚಿತು. ಹೊಸ ದೇವಾಲಯಕ್ಕೆಂದು ಹಾಕಿಸಿದ ತಳಪಾಯದ ಮೇಲೆ ಊರಿನವರು ಅಡಿಕೆ ಒಣಗಿಸುತ್ತಿದ್ದರು. ನನ್ನ ವರ್ಗಾವಣೆಯ ದಿನ ಧರ್ಮಾಧ್ಯಕ್ಷರು ಒಂದೇ ಒಂದು ಕಟುಮಾತನ್ನೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ನನ್ನ ಬಳಿಕ ಬಂದ ಕಿರಿಯ ಗುರುಗಳು ಆರು ವರ್ಷಗಳಲ್ಲಿ ಅದೇ ತಳಪಾಯದ ಮೇಲೆ ದೇವಾಲಯವನ್ನು ಕಟ್ಟಿ ಮುಗಿಸಿದರು. ಆಶೀರ್ವಾದದ ಸಮಾರಂಭಕ್ಕೆ ನನ್ನನ್ನು ಪತ್ರ ಬರೆದೂ ಕರೆದರು, ಫೋನ್ ಮಾಡಿಯೂ ಕರೆದರು. ಕನ್ಯಾಸ್ತ್ರೀಯರಿಗೆ ಧ್ಯಾನಕೂಟ ನಡೆಸಬೇಕಾಗಿದೆ ಎಂದು ಉತ್ತರಿಸಿದೆ. ಧ್ಯಾನಕೂಟವೇನೋ ಇತ್ತು. ಆದರೆ ಒಂದು ದಿನದ ಮಟ್ಟಿಗೆ ಬೇರೊಬ್ಬರನ್ನು ಒಪ್ಪಿಸಬಹುದಾಗಿತ್ತು. ಆ ಕನ್ಯಾಸ್ತ್ರೀಯರಿಗೆ ಆ ದಿನ ನಾನು ಬೋಧಿಸಿದ ವಿಷಯ ದೀನತೆ! ಅನಂತರ ಹದಿನೈದು ವರ್ಷ ನಾನು ಆ ಊರಿಗೆ ಕಾಲಿಡಲಿಲ್ಲ. ಬಸ್ಸು ಆ ಕವಲುದಾರಿಯನ್ನು ದಾಟುವಾಗ ಕೈಯಲ್ಲಿದ್ದ ಪ್ರಾರ್ಥನಾ ಪುಸ್ತಕದತ್ತ ಕಣ್ಣು ಇಳಿಸುತ್ತಿದ್ದೆ.

ಮೀನಿಲ್ಲದ ರಾತ್ರಿಯನ್ನು ಹೇಗಾದರೂ ಸಹಿಸಬಹುದು. ಅದೇ ನೀರಿನಲ್ಲಿ ಮರುದಿನ ಬೇರೊಬ್ಬರ ದೋಣಿ ತುಂಬುವುದನ್ನು ನೋಡುವುದಿದೆಯಲ್ಲ, ಅದು ಕಷ್ಟ.

2021ರ ಜುಲೈಯಲ್ಲಿ, ಫೀನಿಕ್ಸ್ ತಂಡ ಮಿಲ್ವಾಕಿಯಲ್ಲಿ ಅಂತಿಮ ಸರಣಿಯನ್ನು ಸೋತ ರಾತ್ರಿ, ಮಾಂಟಿ ವಿಲಿಯಮ್ಸ್ ಒಂದು ಕೆಲಸ ಮಾಡಿದರು. ಗೆದ್ದವರು ಸಂಭ್ರಮಿಸುತ್ತಿದ್ದ ಕೋಣೆಗೆ ತಾವೇ ಹೋಗಿ ಅವರನ್ನು ಅಭಿನಂದಿಸಿದರು. ನಿಮ್ಮಿಂದ ನಾನೂ ನನ್ನ ತಂಡವೂ ಉತ್ತಮರಾದೆವು ಎಂದು ಕೃತಜ್ಞತೆ ಹೇಳಿ ಹೊರಬಂದರು. ಒಂದು ನಿಮಿಷದ ಮಾತೂ ಇರಲಾರದು. ಡೆಟ್ರಾಯಿಟ್‌ನ ಗುರುನಿವಾಸದಲ್ಲಿ ಒಂದು ರಾತ್ರಿ ನಾನು ಈ ಸಂಗತಿಯನ್ನು ಓದಿ ಪುಸ್ತಕ ಮುಚ್ಚಿದಂತೆ ಮುಚ್ಚಿಟ್ಟಿದ್ದೆ. ಅದು ಮುಚ್ಚಿಕೊಂಡು ಉಳಿಯಲಿಲ್ಲ.

2025ರ ಏಪ್ರಿಲ್ 21, ಪಾಸ್ಕ ಹಬ್ಬದ ಮರುದಿನ, ಪೋಪ್ ಫ್ರಾನ್ಸಿಸ್‌ರವರು ದೈವಾಧೀನರಾದರು. ಮರುದಿನ ಬೆಳಿಗ್ಗೆ, ಅವರ ಆತ್ಮಶಾಂತಿಗಾಗಿ ಬಲಿಪೂಜೆ ಅರ್ಪಿಸಿ ಬಂದು ಫೋನ್ ನೋಡಿದಾಗ ತಾತನ ಸಂದೇಶವಿತ್ತು. ಎರಡೇ ಸಾಲು. ಮೊದಲನೆಯದು, ನಮ್ಮ ಪಾಪುಸ್ವಾಮಿಯವರಿಗಾಗಿ ಅಳುತ್ತಿದ್ದೇವೆ ಎಂದು. ಎರಡನೆಯದು, ನ್ಯೂಯಾರ್ಕ್‌ನಲ್ಲಿ 100–94, ಹುಡುಗರು ಹಿಂದಕ್ಕೆ ಓಡಿದರು ಎಂದು. ಋತುವಿನ ನಂತರದ ನಿರ್ಣಾಯಕ ಸುತ್ತಿನಲ್ಲಿ ಪಿಸ್ಟನ್ಸ್ ಗಳಿಸಿದ, 2008ರ ನಂತರದ ಮೊದಲ ಗೆಲುವು ಅದು. ನಡುವೆ ಆ ಹಂತದಲ್ಲಿ ಸತತ ಹದಿನೈದು ಪಂದ್ಯಗಳನ್ನು ಸೋತಿದ್ದರು. ಮುಂದೆ ಸರಣಿಯನ್ನು ಸೋತರು. ಅದರ ಬಗ್ಗೆ ತಾತ ಏನೂ ಬರೆಯಲಿಲ್ಲ. ಮೊಮ್ಮಗನಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಆ ದಿನ ಬರೆದು ಕಳುಹಿಸಿದೆ: ನಿನ್ನ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ, ಆ ದಿನ ನಕ್ಕದ್ದು ತಪ್ಪಾಯಿತು.

ಅದೇ ಮೇ ತಿಂಗಳಿನಲ್ಲಿ ನಾನು ಆ ಹಳೆಯ ಧರ್ಮಕೇಂದ್ರದ ವಾರ್ಷಿಕ ಹಬ್ಬಕ್ಕೆ ಹೋದೆ. ಈಗಿನ ಗುರುಗಳಿಗೆ ನನ್ನ ಪರಿಚಯವಿರಲಿಲ್ಲ; ಆದರದಿಂದ ಬರಮಾಡಿಕೊಂಡರು. ಬಾಗಿಲ ಪಕ್ಕದ ಕಲ್ಲಿನ ಫಲಕದಲ್ಲಿ ಸೇವೆ ಸಲ್ಲಿಸಿದ ಗುರುಗಳ ಪಟ್ಟಿ. ನನ್ನ ಹೆಸರೂ ಇತ್ತು, ಒಂದಕ್ಷರ ತಪ್ಪಾಗಿ. ನೂರಕ್ಕೂ ಹೆಚ್ಚು ಕುಟುಂಬಗಳ ಜನ ತುಂಬಿದ್ದರು. ಹೆಚ್ಚಿನವರು ನನ್ನನ್ನು ಗುರುತಿಸಲಿಲ್ಲ. ಬಲಿಪೂಜೆಯ ಹೊತ್ತಿನಲ್ಲಿ ಪೀಠದ ಕೆಳಗಿನ ಕಲ್ಲುಗಳನ್ನೇ ನೋಡುತ್ತಿದ್ದೆ. ಊಟವಾದ ಮೇಲೆ ತೋಟದ ಬದಿಗೆ ಹೋಗಿ ನಿಂತು, ಆ ದೇವಾಲಯವನ್ನು ಕಟ್ಟಿಸಿದ ಗುರುಗಳಿಗೆ ಫೋನ್ ಮಾಡಿದೆ. ಅವರೀಗ ಬೇರೆ ಊರಿನಲ್ಲಿದ್ದಾರೆ. ಎಲ್ಲಿದ್ದೇನೆಂದು ಹೇಳಿದೆ. ದೇವಾಲಯ ತುಂಬ ಚೆನ್ನಾಗಿದೆ, ಇದನ್ನು ಹೇಳಲು ಹದಿನೈದು ವರ್ಷ ತಡಮಾಡಿದೆ ಎಂದೆ.

ಅತ್ತ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವರು ಕೇಳಿದರು: "ಫಾದರ್, ಪೂರ್ವದ ಗೋಡೆ ಈಗಲೂ ಸೋರುತ್ತದೆಯೇ, ನೋಡಿದಿರಾ? ಎರಡು ಸಲ ರಿಪೇರಿ ಮಾಡಿಸಿದೆ, ನನ್ನಿಂದ ಆಗಲಿಲ್ಲ."

ನಾನು ಒಳಗೆ ಹೋಗಿ ಗೋಡೆಯನ್ನು ನೋಡಿದೆ. ಸೋರಿದ ಕಲೆ ಇತ್ತು.